ತಿರುಪಿನ ಗೋತ್ರನಿರ್ಣಯ

ಹಳೆಯ ಯಂತ್ರದಿಂದ ಕಳಚಿದ ಬೋಲ್ಟಿನ ಕುಲಗೋತ್ರವನ್ನರಿಯದೆ, ಕೈಗೆ ಸಿಕ್ಕಿದ ನಟ್ಟನ್ನು ಸ್ಪ್ಯಾನರಿನ ಬಲದಿಂದ ಅದಕ್ಕೇರಿಸಿ ಎರಡನ್ನೂ ಕೆಡಿಸುವ ನಮ್ಮ ಅವಸರವು ಕೌಶಲವೆಂಬ ಹೆಸರಿಗೆ ಅರ್ಹವಲ್ಲವೆಂದೇ ನನ್ನ ಅಭಿಪ್ರಾಯ. ಕ್ಯಾಲಿಪರಿನಿಂದಳೆದ ಹೊರವ್ಯಾಸವು ಅರ್ಧ ಅಂಗುಲಕ್ಕೆ, ಎಂದರೆ 12.7 ಮಿಲಿಮೀಟರಿಗೆ, ಕೂದಲೆಳೆಯಷ್ಟು ಕಡಿಮೆಯೆಂದು ಕಂಡಮಾತ್ರಕ್ಕೆ ನಿರ್ಣಯವು ಮುಗಿಯದು. ಏಕೆಂದರೆ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು ಮಂಡಿಸಿದ ಕ್ರಮದಲ್ಲಿ ಆ ವ್ಯಾಸಕ್ಕೆ ಅಂಗುಲವೊಂದರಲ್ಲಿ 12 ಸುತ್ತುಗಳೂ 55 ಡಿಗ್ರಿಯ ಕೋನವೂ ಇದ್ದರೆ, ಅಮೆರಿಕದ ಯು.ಎನ್.ಸಿ. ಕ್ರಮದಲ್ಲಿ 13 ಸುತ್ತುಗಳೂ 60 ಡಿಗ್ರಿಯೂ ಇರುವುವು. ಮೊದಲು ಸಲೀಸಾಗಿ ಏರಿ ಅನಂತರ ಬಿಗಿಯುವ ನಟ್ಟಿನ ವಂಚನೆಗೆ ಇದೇ ಮೂಲ. ಆದ್ದರಿಂದ ಸುತ್ತುಗಳ ನಡುವಣ ಒಂದೇ ಅಂತರವನ್ನಳೆಯುವುದಕ್ಕಿಂತ ಹತ್ತನ್ನು ಒಟ್ಟಾಗಿ ಅಳೆದು ಭಾಗಿಸುವುದು ಲೇಸು. ಪಿಚ್ ಗೇಜಿನ ಹಲ್ಲುಗಳು ಆ ಸುತ್ತುಗಳೊಡನೆ ಸಂದಿಲ್ಲದೆ ಕೂಡುವುವೇ ಎಂದು ಬೆಳಕಿಗೆ ಹಿಡಿದು ನೋಡುವುದು ಇನ್ನೂ ಲೇಸು. ಜಿಡ್ಡನ್ನು ಮೊದಲೇ ಒರೆಸಿರಬೇಕೆಂದು ಬೇರೆ ಹೇಳಬೇಕೆ?