ಮಲ್ಲಯ್ಯನ ಹಾದಿಗೆ ಎರಡು ಗಂಟು

ಶಿವರಾತ್ರಿ ಕಳೆಯಿತೆಂದರೆ ಅಕ್ಕಲಕೋಟೆ, ಸೊಲ್ಲಾಪುರ, ಜತ್ತಗಳ ಕಡೆಯ ನಮ್ಮ ಮನೆಗಳಲ್ಲಿ ಶ್ರೀಶೈಲದ ಪಾದಯಾತ್ರೆಯ ಮಾತು ಏಳುತ್ತದೆ. ಕಂಬಿ ಯಾರು ಹೊರಬೇಕು, ಯಾವ ದಿನ ಹೊರಡಬೇಕು ಎಂಬುದನ್ನು ಹಿರಿಯರು ವಾರಗಟ್ಟಲೆ ಚರ್ಚಿಸುತ್ತಾರೆ. ಗಂಟಿನಲ್ಲಿ ಏನಿರಬೇಕೆಂಬುದು ಮಾತ್ರ ಹೊರಡುವ ಹಿಂದಿನ ರಾತ್ರಿ ಮನೆಯ ಹೆಂಗಸರ ಪಾಲಿಗೆ ಬರುತ್ತದೆ.

ಸೋದರಿಯರೇ, ಗಂಟು ಒಂದಲ್ಲ, ಎರಡಿರಬೇಕು. ಒಂದು ಲಾರಿಯದು, ಇನ್ನೊಂದು ಹೆಗಲಿನದು. ವೆಂಕಟಾಪುರದ ಬಳಿ ಕಾಲುಹಾದಿ ನಲ್ಲಮಲದ ಕಾಡನ್ನು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರಗಳ ಮೇಲೆ ಹೋಗುತ್ತದೆ. ಲಾರಿಯಾದರೋ ದೋರ್ನಾಲದ ಘಟ್ಟದ ರಸ್ತೆಯಲ್ಲಿ ಸುತ್ತಿ ಬರುತ್ತದೆ. ಕಾಡು ದಾಟುವವರೆಗೆ ಲಾರಿಯಲ್ಲಿರುವ ವಸ್ತುವೂ ಮನೆಯಲ್ಲಿ ಬಿಟ್ಟುಬಂದ ವಸ್ತುವೂ ಒಂದೇ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಒಂದು ವರ್ಷ ಅತ್ತೆಯವರ ರಕ್ತದೊತ್ತಡದ ಗುಳಿಗೆಗಳನ್ನು ‘ಭದ್ರವಾಗಿರಲಿ’ ಎಂದು ಟ್ರಂಕಿನಲ್ಲಿಟ್ಟು ಲಾರಿಗೇರಿಸಿದ್ದೆ. ಎರಡನೆಯ ದಿನ ಭೀಮನಕೊಳ್ಳದ ಮೆಟ್ಟಿಲ ಮೇಲೆ ಅವರು ತಲೆ ಹಿಡಿದು ಕುಳಿತುಬಿಟ್ಟರು. ಮುಂದೆ ಕೈಲಾಸದ್ವಾರದ ಕಡಿದಾದ ಏರು. ಹಿಂದೆ ಇಡೀ ಕಾಡು. ಪರಿಚಯವಿಲ್ಲದ ತಂಡದ ತಾಯಿಯೊಬ್ಬರು ನೀರು ಕೊಟ್ಟು, ಹೊತ್ತು ಇಳಿಯುವವರೆಗೆ ನಮ್ಮೊಡನೆ ನೆರಳಿನಲ್ಲಿ ಕುಳಿತರು. ಗುಳಿಗೆ ದೊರೆತದ್ದು ಶ್ರೀಶೈಲದಲ್ಲಿ, ಲಾರಿಯ ಬಳಿ. ಅತ್ತೆಯವರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆದುದರಿಂದ ಹೆಗಲ ಗಂಟಿಗೆ ಮೊದಲು ಸೇರತಕ್ಕದ್ದು ಗುಳಿಗೆ. ಅದರ ಮೂಲ ಹೊದಿಕೆಯಲ್ಲೇ ಇರಲಿ, ಜೊತೆಗೆ ಹೆಸರು ಮತ್ತು ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿಯಿರಲಿ. ಆಮೇಲೆ ನೀರು. ಯುಗಾದಿಯ ಹೊತ್ತಿಗೆ ಕರ್ನೂಲಿನ ಸೀಮೆಯಲ್ಲಿ ಬಿಸಿಲು ೪೦ ಡಿಗ್ರಿ ಮುಟ್ಟುವುದುಂಟು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭೇದಿಯಾದರೆ ಕುಡಿಸಲು ೬ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು (ತಲೆಸವರಿದ ಅಳತೆ) ಪುಡಿಕೆ ಕಟ್ಟಿಟ್ಟುಕೊಳ್ಳಿರಿ. ಇದು ಒಂದು ಲೀಟರ್ ಶುದ್ಧ ನೀರಿಗೆ ಸರಿಯಾದ ಪ್ರಮಾಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಳ್ಳಲಿ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾಹಿಂಡಿ, ಬೆಲ್ಲ ಸಾಕು. ಹಾದಿಯುದ್ದಕ್ಕೂ ದಾಸೋಹ ನಡೆಯುವುದರಿಂದ ಉಪವಾಸ ಬೀಳುವ ಭಯವಿಲ್ಲ. ಸ್ಟವ್ ಬೇಡವೇ ಬೇಡ. ಅದು ಹುಲಿಗಳ ರಕ್ಷಿತಾರಣ್ಯ, ಒಣಗಿದ ಎಲೆಗೆ ಒಂದು ಕಿಡಿ ಸಾಕು. ಸೊಲ್ಲಾಪುರದ ಚಾದರ ನಮ್ಮ ಅಭಿಮಾನದ ವಸ್ತುವಾದರೂ ಅದರ ಜಾಗ ಲಾರಿಯೇ. ಹೆಗಲಿಗೆ ಹಳೆಯದೊಂದು ನೂಲಿನ ಸೀರೆ ಉತ್ತಮ: ಹಾಸಲು, ಹೊದೆಯಲು, ಮಧ್ಯಾಹ್ನ ನೆರಳು ಕಟ್ಟಲು ಬರುತ್ತದೆ. ಬ್ಯಾಟರಿ ದೀಪ, ಕೊಬ್ಬರಿ ಎಣ್ಣೆ, ಶುದ್ಧವಾದ ಬಟ್ಟೆಯ ಪಟ್ಟಿಗಳು ಇರಲಿ. ಕಾಲಿಗೆ ಬೊಕ್ಕೆ ಎದ್ದರೆ ಸೂಜಿಯಿಂದ ಒಡೆಯದೆ ತೊಳೆದು ಪಟ್ಟಿ ಕಟ್ಟಬೇಕು. ಹೊಸ ಚಪ್ಪಲಿ ಕೊಳ್ಳುವುದಿದ್ದರೆ ಈಗಲೇ ಕೊಂಡು ಮೆಟ್ಟಿ ಪಳಗಿಸಿರಿ.

ಎಲ್ಲ ಕಟ್ಟಿದ ಮೇಲೆ ಗಂಟನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ನೀರೂ ಸೇರಿ ೫ ಕಿಲೋ ಮೀರಿದರೆ ಬಿಚ್ಚಿ ಮತ್ತೆ ಕಟ್ಟುವುದು ನಮ್ಮ ಮನೆಯ ಪದ್ಧತಿ.

ಭ್ರಮರಾಂಬೆಯನ್ನು ಮನೆಮಗಳೆಂದೇ ಬಗೆಯುವ ನಾವು ಒಯ್ಯುವ ಕುಪ್ಪಸದ ಕಣ, ಹಸಿರು ಬಳೆಗಳು ಲಾರಿಯಲ್ಲಿಯೂ ಹೋಗಬಹುದು. ಅತ್ತೆಯವರು ಅದಕ್ಕೆ ಒಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ.