ಒಂದು ರಾತ್ರಿ ಕಾವಲು ಕಾಯದ ವೇಗ ನಮ್ಮದಲ್ಲ

ಗೋರೆಹಬ್ಬದ ದಿನ ಸಂಜೆಯಾದರೆ ನಮ್ಮ ಮನೆ ಜಗುಲಿಯ ಮೇಲೆ ಜನ ಬಂದು ಕೂರುತ್ತಾರೆ. ದೀಪಾವಳಿಗೆಂದು ಬೆಂಗಳೂರು, ಮೈಸೂರು, ಕೊಯಮತ್ತೂರಿನಿಂದ ಊರಿಗೆ ಬಂದವರು ಅವರು. ಬೀರೇಶ್ವರನ ಗುಡಿಯ ಬಳಿ ಟ್ರ್ಯಾಕ್ಟರಿನಲ್ಲಿ ತಂದು ಸುರಿದ ಸಗಣಿ ರಾಶಿಗೆ ಇಳಿದು ಉಂಡೆ ಕಟ್ಟಿ ಎರಚಾಡಿರುತ್ತಾರೆ, ಸ್ನಾನವೂ ಆಗಿರುತ್ತದೆ. ಇನ್ನು ಬೆಳಗಿನ ಬಸ್ಸು ಹತ್ತುವ ಮೊದಲು ಅವರಿಗೆ ಹಬ್ಬದ ವಿಡಿಯೊ ಬೇಕು. ಅದನ್ನು ಮಾಡಿಕೊಡುವವನು ನಾನು. ತಮಿಳುನಾಡಿನ ತಾಳವಾಡಿ ಸುತ್ತಿನ ಊರುಗಳಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆಗಳ ವಿಡಿಯೊ ತೆಗೆದು ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು.

ಒಂದು ಗಂಟೆಯ ವಿಡಿಯೊ ಕೊನೆಯ ರೂಪಕ್ಕೆ ಬರಲು ನನ್ನ ಕಂಪ್ಯೂಟರಿಗೆ 2 ಗಂಟೆ 10 ನಿಮಿಷ ಬೇಕಾಗುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಹೊಸ ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಇರುವುದನ್ನೇ ಇನ್ನಷ್ಟು ದುಡಿಸಬಹುದೇ ಎಂದು ಹುಡುಕಿದಾಗ ಸಿಕ್ಕಿದ್ದು ಓವರ್‌ಕ್ಲಾಕಿಂಗ್. ತಯಾರಕರು ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನೂ ಮೆಮೊರಿಯನ್ನೂ ಓಡಿಸುವ ಕೆಲಸ ಅದು. ಆಟದ ಹುಚ್ಚಿನ ಹುಡುಗರ ಶೋಕಿ ಎಂದು ಅನೇಕರು ತಿಳಿದಿದ್ದಾರೆ. ನಾನು ಅದನ್ನು ಕಲಿತದ್ದು ಅನ್ನಕ್ಕಾಗಿ. ಹಳೆಯ ಯಂತ್ರ ಇಟ್ಟುಕೊಂಡು ಬದುಕು ಕಟ್ಟಿಕೊಳ್ಳುವ ನಮ್ಮಂಥ ಊರುಗಳ ಮಕ್ಕಳು ಇದನ್ನು ಕಲಿಯಲೇಬೇಕು, ಅದೂ ಸರಿಯಾಗಿ ಕಲಿಯಬೇಕು ಎಂದು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಮಿಳುನಾಡು ಸರ್ಕಾರ 2011ರಲ್ಲಿ ಶುರು ಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಿಂದ ನನ್ನ ಕೈಗೆ ಮೊದಲ ಕಂಪ್ಯೂಟರ್ ಬಂತು. ಅದರಲ್ಲಿ ಟೈಪಿಂಗ್ ಕಲಿತೆ, ಎಡಿಟಿಂಗ್ ಕಲಿತೆ. ಆದರೆ ಲ್ಯಾಪ್‌ಟಾಪಿನ ಒಳಗೆ ಕೈ ಹಾಕಲು ಹೆಚ್ಚು ಜಾಗವಿರುವುದಿಲ್ಲ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದು ದಿನವೆಲ್ಲ ಅಂಗಡಿ ಅಂಗಡಿ ಸುತ್ತಿ, ಸೆಕೆಂಡ್ ಹ್ಯಾಂಡ್ ಬಿಡಿಭಾಗ ಜೋಡಿಸಿ ಡೆಸ್ಕ್‌ಟಾಪ್ ಕಟ್ಟಿಸಿದೆ. ಎಎಂಡಿ ಕಂಪನಿಯ ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಪಟ್ಟಿ. ಆ ಪ್ರೊಸೆಸರ್ 2018ರದ್ದು, ಆರು ಕೋರ್. ಅದೇ ಇಂದಿಗೂ ನನ್ನ ಕೆಲಸದ ಯಂತ್ರ.

ಓವರ್‌ಕ್ಲಾಕಿಂಗ್ ಬಗ್ಗೆ ಓದಲು ಕುಳಿತ ಮೊದಲ ದಿನವೇ ಒಂದು ಪೆಟ್ಟು ಬಿತ್ತು. ರ‍್ಯಾಮ್ ಪಟ್ಟಿಯ ಮೇಲಿನ ಚೀಟಿಯಲ್ಲಿ 3200 ಎಂದು ಇತ್ತು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ 2133 ಎಂದು ತೋರಿಸುತ್ತಿತ್ತು. ಇಂಥ ಪಟ್ಟಿಗಳನ್ನು ಹಾಕಿದಾಗ ಮದರ್‌ಬೋರ್ಡ್ ಯಾವ ಅಪಾಯವೂ ಬೇಡವೆಂದು ಕೆಳಗಿನ ವೇಗದಲ್ಲಿ ಓಡಿಸುತ್ತದೆ. ಚೀಟಿಯ ಮೇಲಿನ ವೇಗ ಬೇಕಾದರೆ ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ, ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಎರಡು ವರ್ಷ ನಾನು 3200ಕ್ಕೆ ದುಡ್ಡು ಕೊಟ್ಟು 2133ರಲ್ಲಿ ದುಡಿದಿದ್ದೆ.

ಅದರಿಂದಾಗುವ ವ್ಯತ್ಯಾಸ ಸಣ್ಣದಲ್ಲ. ಪ್ರೊಸೆಸರ್ ಕೇಳಿದ ಮಾಹಿತಿ ಹುಡುಕಿ ಕೊಡಲು 2133ರಲ್ಲಿ 15 ಸುತ್ತು ಕಾಯಿಸುವ ರ‍್ಯಾಮಿಗೆ ಸುಮಾರು 14 ನ್ಯಾನೊಸೆಕೆಂಡ್ ಹಿಡಿಯುತ್ತದೆ. 3200ರಲ್ಲಿ 16 ಸುತ್ತು ಕಾಯಿಸಿದರೂ 10 ನ್ಯಾನೊಸೆಕೆಂಡಿನಲ್ಲಿ ಮುಗಿಯುತ್ತದೆ. ಅಲ್ಲದೆ ರೈಜೆನ್ ಪ್ರೊಸೆಸರಿನ ಒಳಭಾಗಗಳು ಒಂದಕ್ಕೊಂದು ಮಾತಾಡುವ ದಾರಿಯ ವೇಗವೂ ಮೆಮೊರಿಯ ವೇಗದ ಜೊತೆಗೇ ಏರುತ್ತದೆ. ಈ ಲೇಖನ ಓದುತ್ತಿರುವವರ ಮನೆಯಲ್ಲಿ, ಮಗನ ಅಥವಾ ಮಗಳ ಮೇಜಿನ ಮೇಲೆ, ಇಂಥದೇ ರ‍್ಯಾಮ್ ಅರ್ಧ ನಿದ್ದೆಯಲ್ಲಿ ದುಡಿಯುತ್ತಿರಬಹುದು. ಇಂದೇ ತೆರೆದು ನೋಡಿ.

ಇನ್ನು ಪ್ರೊಸೆಸರ್. ಒಂದು ಮೂಲ ಗಡಿಯಾರ ಇರುತ್ತದೆ, 100 ಮೆಗಾಹರ್ಟ್ಸ್. ಅದಕ್ಕೆ ಒಂದು ಗುಣಕ. 36 ಎಂದರೆ 3.6 ಗಿಗಾಹರ್ಟ್ಸ್, 40 ಎಂದರೆ 4. ನನ್ನ ಯಂತ್ರ ಆರೂ ಕೋರ್ ದುಡಿಯುವಾಗ 3.6ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಗುಣಕ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಪ್ರೊಸೆಸರ್ ತಪ್ಪು ಮಾಡಲು ಶುರು ಮಾಡುತ್ತದೆ. ವೋಲ್ಟೇಜ್ ಸ್ವಲ್ಪ ಏರಿಸಿದರೆ ಮತ್ತೆ ಸರಿಹೋಗುತ್ತದೆ. ಹಾಗೆಯೇ ಏರಿಸುತ್ತ 1.35 ವೋಲ್ಟಿನಲ್ಲಿ 4 ಗಿಗಾಹರ್ಟ್ಸ್ ಮುಟ್ಟಿದೆ. ಪ್ರೊಸೆಸರ್ ಜೊತೆ ಬಂದ ಸಣ್ಣ ಫ್ಯಾನು ಕಿರುಚುತ್ತಿತ್ತು. ಶಾಖ 91 ಡಿಗ್ರಿ. ಈ ಪ್ರೊಸೆಸರಿಗೆ 95 ಡಿಗ್ರಿಯೇ ಮೇರೆ.

ಅಪ್ಪ ಒಳಗೆ ಬಂದವರು ಫ್ಯಾನಿನ ಸದ್ದು ಕೇಳಿ, ಡಬ್ಬದ ಹಿಂಭಾಗಕ್ಕೆ ಅಂಗೈ ಹಿಡಿದರು. ಹೊಲದಲ್ಲಿ ಬೋರ್‌ವೆಲ್ಲಿನ ಪ್ಯಾನೆಲ್ ಬೋರ್ಡ್ ಹತ್ತಿರ ನಿಂತಾಗ ಅವರು ವೋಲ್ಟ್‌ಮೀಟರಿನ ಮುಳ್ಳು ನೋಡದೆ ಎಂದೂ ಸ್ವಿಚ್ ಹಾಕಿದವರಲ್ಲ. "ಮೋಟ್ರು ಇಷ್ಟು ಕಾದ್ರೆ ನಾನು ನಿಲ್ಲುಸ್ಬುಡ್ತೀನಿ ಕಣ್ ಮಗ. ಎಷ್ಟು ನೀರು ಜಾಸ್ತಿ ಬತ್ತು ಹೇಳು, ಎಷ್ಟು ಕಾದೀತು ಹೇಳು, ಆಮೇಲೆ ನೋಡುವ" ಎಂದರು.

ಕೂತು ಲೆಕ್ಕ ಹಾಕಿದೆ. ಚಿಪ್ಪು ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 3.6ರಿಂದ 4ಕ್ಕೆ ಏರಿದಾಗ ವೇಗ ಹೆಚ್ಚಿದ್ದು ಶೇ 11. ಅದಕ್ಕಾಗಿ ವೋಲ್ಟೇಜು 1.2ರಿಂದ 1.35ಕ್ಕೆ ಏರಿತ್ತು. ಎರಡನ್ನೂ ಸೇರಿಸಿದರೆ ಶಾಖ ಹೆಚ್ಚಿದ್ದು ಸುಮಾರು ಶೇ 40! ಒಂದೇ ಒಂದು ಮೆಟ್ಟಿಲು ಕೆಳಗಿಳಿದು 3.9ರಲ್ಲಿ ನಿಂತರೆ 1.275 ವೋಲ್ಟು ಸಾಕಾಗುತ್ತಿತ್ತು, ಹೆಚ್ಚಿನ ಶಾಖ ಶೇ 22ಕ್ಕೆ ಬರುತ್ತಿತ್ತು. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವತ್ತೇ 3.9ಕ್ಕೆ ಇಳಿಸಿದೆ. ಇಂದಿಗೂ ಅಲ್ಲೇ ಇದೆ.

ಪ್ರೊಸೆಸರ್ ವಿಷಯದಲ್ಲಿ ಅಪ್ಪ ಉಳಿಸಿದರು. ಮೆಮೊರಿ ವಿಷಯದಲ್ಲಿ ನಾನು ಎಡವಿದೆ. 3200 ಸಲೀಸಾಗಿ ಓಡಿದ್ದನ್ನು ಕಂಡು ಆಸೆ ಹುಟ್ಟಿತು. 3466ಕ್ಕೆ ಏರಿಸಿದೆ. ವಿಂಡೋಸ್ ಬಂತು, ಎಡಿಟಿಂಗ್ ಸಾಫ್ಟ್‌ವೇರ್ ಬಂತು, ಹಾಡು ಹಾಡಿತು. ಎಲ್ಲ ಸರಿಯಿದೆ ಎಂದುಕೊಂಡೆ. ಅದೇ ವಾರ ಪಕ್ಕದ ಊರಿನ ಒಂದು ಮದುವೆಯ ವಿಡಿಯೊವನ್ನು ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ತುಂಬಿ, ಮುಂದಿನ ಕೆಲಸಕ್ಕೆಂದು ಕಾರ್ಡ್ ಅಳಿಸಿದೆ. ಹದಿನೈದು ದಿನದ ಮೇಲೆ ಎಡಿಟಿಂಗ್‌ಗೆ ಕುಳಿತರೆ ಧಾರೆಯ ಹೊತ್ತಿನ ಒಂದು ತುಣುಕು ತೆರೆಯಲೇ ಇಲ್ಲ. ಹುಡುಗಿಯ ಅಜ್ಜಿ ನಡುಗುವ ಕೈಯಲ್ಲಿ ಹಾಲೆರೆಯುತ್ತಿದ್ದ ತುಣುಕು ಅದು. ಆ ರಾತ್ರಿ ಮೆಮ್‌ಟೆಸ್ಟ್86 ಎಂಬ ಪರೀಕ್ಷೆ ಓಡಿಸಿದೆ. ಇಪ್ಪತ್ತು ನಿಮಿಷದೊಳಗೆ ಪರದೆಯ ಮೇಲೆ ಕೆಂಪು ಸಾಲುಗಳು ಬರತೊಡಗಿದವು. ರ‍್ಯಾಮ್ ಎಲ್ಲೋ ಒಂದು ಕಡೆ ಸೊನ್ನೆ ಇದ್ದಲ್ಲಿ ಒಂದು ಎಂದು ಓದುತ್ತಿತ್ತು. ಯಾವ ಎಚ್ಚರಿಕೆಯನ್ನೂ ಕೊಡದೆ, ಮೌನವಾಗಿ.

ಆ ಮನೆಗೆ ಹೋಗಿ ನಡೆದದ್ದನ್ನು ಹೇಳಿ ದುಡ್ಡು ವಾಪಸು ಕೊಟ್ಟೆ. "ಇರ್ಲಿ ಬುಡು ಮಗ" ಎಂದು ಆ ಅಜ್ಜಿಯೇ ನನ್ನನ್ನು ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ. ಇಂದಿಗೂ ಆಗಿಲ್ಲ.

ನಮ್ಮ ಕಡೆ ಕಾಡಂಚಿನ ಹೊಲಗಳಿಗೆ ರಾತ್ರಿ ಆನೆ ಇಳಿಯುತ್ತದೆ. ಬೆಳೆ ಕೈಗೆ ಬರುವ ಕಾಲಕ್ಕೆ ಅಪ್ಪ ಟಾರ್ಚು, ಪಟಾಕಿ ಹಿಡಿದು ಅಟ್ಟಣೆ ಏರುತ್ತಾರೆ. ವಿಡಿಯೊ ಕೆಟ್ಟ ವಿಷಯ ಕೇಳಿ ಅವರು ಹೇಳಿದ ಮಾತು ನನಗೆ ಈ ವಿದ್ಯೆಯ ಸಾರವಾಗಿ ಉಳಿದಿದೆ: "ಆನೆ ಬರ್ನಿಲ್ಲ ಅಂತ ಗೊತ್ತಾಗೋದು ಬೆಳಗಾದ ಮ್ಯಾಲೆ." ಅಂದಿನಿಂದ ಯಾವ ಬದಲಾವಣೆ ಮಾಡಿದರೂ ಇಡೀ ರಾತ್ರಿ ಪರೀಕ್ಷೆ ಓಡಿಸಿ, ಬೆಳಿಗ್ಗೆ ಒಂದೂ ತಪ್ಪಿಲ್ಲದೆ ಮುಗಿದಿದ್ದರೆ ಮಾತ್ರ ಒಪ್ಪಿಕೊಳ್ಳುತ್ತೇನೆ. ಧನುರ್ಮಾಸದ ಚಳಿಯಲ್ಲಿ ಪಾಸಾದದ್ದನ್ನು ಏಪ್ರಿಲ್ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಈಗ ಮೆಮೊರಿ 3200ರಲ್ಲಿ ನಿಂತಿದೆ, ಮೊದಲಿನ 2 ಗಂಟೆ 10 ನಿಮಿಷದ ಕೆಲಸ 1 ಗಂಟೆ 52 ನಿಮಿಷಕ್ಕೆ ಮುಗಿಯುತ್ತದೆ.

ಹದಿನೆಂಟು ನಿಮಿಷಕ್ಕಾಗಿ ಇಷ್ಟೊಂದು ಪಾಡೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 66ರ ಬದಲು 100 ಮೆಗಾಹರ್ಟ್ಸಿನ ಗಡಿಯಾರಕ್ಕೆ ಹೊಂದಿಸಿ 300ರಿಂದ 450ಕ್ಕೆ ಏರಿಸುತ್ತಿದ್ದರು. ಕಡಿಮೆ ದುಡ್ಡಿನ ಚಿಪ್ಪು ದುಬಾರಿ ಚಿಪ್ಪಿನ ಸಮಕ್ಕೆ ನಿಲ್ಲುತ್ತಿತ್ತು. ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಈ ವಿದ್ಯೆಯಿಂದ ದೊಡ್ಡ ಲಾಭವಿತ್ತು. ಇಂದಿನ ಪ್ರೊಸೆಸರುಗಳು ತಮ್ಮ ಶಾಖ ತಾವೇ ಅಳೆದುಕೊಂಡು ವೇಗ ಏರಿಸಿಕೊಳ್ಳುತ್ತವೆ. ಅಂಥ ದೊಡ್ಡ ಲಾಭ ಈಗ ಉಳಿದಿಲ್ಲ. 2022ರ ಡಿಸೆಂಬರಿನಲ್ಲಿ ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿದವರ ಸಾಹಸಕ್ಕೂ ನಮ್ಮ ದಿನದ ದುಡಿಮೆಗೂ ಸಂಬಂಧವಿಲ್ಲ.

ಹಾಗಿದ್ದರೂ ಕಲಿಯಬೇಕು ಎನ್ನುತ್ತೇನೆ, ಏಕೆಂದರೆ ಹದಿನೆಂಟು ನಿಮಿಷದ ಜೊತೆಗೆ ಅದು ಒಂದು ಶಿಸ್ತನ್ನೂ ಕಲಿಸುತ್ತದೆ. ಮೊದಲಿದ್ದ ಅಂಕಿಗಳನ್ನೆಲ್ಲ ಬರೆದುಕೊ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಸಣ್ಣ ಹೆಜ್ಜೆ ಇಡು. ಪರೀಕ್ಷಿಸು. ತಪ್ಪು ಕಂಡರೆ ಹಿಂದಕ್ಕೆ ಬಾ. ಕಂಪ್ಯೂಟರ್ ಏಳದಿದ್ದರೆ ಗಾಬರಿ ಬೇಡ, ವೈರು ಕಿತ್ತು ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡು, ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ. ವೋಲ್ಟೇಜಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಅತಿ ವೋಲ್ಟೇಜಿನಿಂದ ಸವೆದ ಚಿಪ್ಪು ಮತ್ತೆ ಮೊದಲಿನಂತಾಗುವುದಿಲ್ಲ, ಓವರ್‌ಕ್ಲಾಕಿಂಗ್‌ನಿಂದ ಕೆಟ್ಟದ್ದಕ್ಕೆ ಕಂಪನಿಯ ವಾರಂಟಿಯೂ ಸಿಗುವುದಿಲ್ಲ. ತನ್ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ತಡಬಡಾಯಿಸಲು ಅತಿ ವೋಲ್ಟೇಜೇ ಕಾರಣವೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ತಯಾರಿಸಿದವರ ಲೆಕ್ಕವೇ ತಪ್ಪಬಹುದಾದಲ್ಲಿ ಬಳಸುವವರು ಎಷ್ಟು ಎಚ್ಚರದಿಂದಿರಬೇಕು!

ಭಾನುವಾರಗಳಲ್ಲಿ ನಮ್ಮೂರಿನ ಮೂವರು ಹೈಸ್ಕೂಲು ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಮನೆಯಲ್ಲಿ ಕನ್ನಡ, ಪಾಠ ಕನ್ನಡದಲ್ಲಿ, ಕಚೇರಿಗೆ ಹೋದರೆ ತಮಿಳು, ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷ್. ಬಯೋಸ್ ತೆರೆದ ಮೊದಲ ದಿನ ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಗುಣಕ ಎಂದಾಗ ಒಬ್ಬಳು "ಮಗ್ಗಿ ಥರನಾ ಅಣ್ಣ?" ಎಂದಳು. ಮಗ್ಗಿಯ ಥರವೇ. ಅಲ್ಲಿಂದ ಮುಂದೆ ಕೈಗಳು ಹಿಂದೆ ಉಳಿಯಲಿಲ್ಲ. ಅವರಿಗೆ ಬುದ್ಧಿಯ ಕೊರತೆ ಎಂದೂ ಇರಲಿಲ್ಲ, ಅವರ ಮಾತಿನಲ್ಲಿ ಹೇಳುವವರ ಕೊರತೆ ಇತ್ತು.

ಅದಕ್ಕೇ ನನ್ನ ಬೇಡಿಕೆಗಳು ಸರಳ. ಹಳೆಯದಾಯಿತೆಂದು ಮೂಲೆಗೆ ಸೇರಿದ ಒಂದು ಡೆಸ್ಕ್‌ಟಾಪನ್ನು ಪ್ರತಿ ಹೈಸ್ಕೂಲೂ ಮಕ್ಕಳು ಬಿಚ್ಚಿ ನೋಡಲಿಕ್ಕೆಂದೇ ಎತ್ತಿಡಲಿ. ಅದರಲ್ಲಿ ಶಾಲೆಯ ಯಾವ ದಾಖಲೆಯೂ ಇರದಿರಲಿ. ಎಲ್ಲ ಮದರ್‌ಬೋರ್ಡೂ ವೇಗ ಏರಿಸಲು ಬಿಡುವುದಿಲ್ಲ, ಬಿಡದಿದ್ದರೂ ಶಾಖ ಅಳೆಯುವುದು, ರ‍್ಯಾಮ್ ಪರೀಕ್ಷಿಸುವುದು, ಧೂಳು ಒರೆಸಿ ಪ್ರೊಸೆಸರಿನ ಮೇಲಿನ ಶಾಖದ ಪೇಸ್ಟ್ ಬದಲಿಸುವುದನ್ನು ಕಲಿಯಬಹುದು. ಕಂಪ್ಯೂಟರ್ ಮಾರುವವರು ರ‍್ಯಾಮಿನ ನಿಜವಾದ ವೇಗವನ್ನು ಆನ್ ಮಾಡಿ, ಕೊಳ್ಳುವವರಿಗೆ ತೋರಿಸಿ ಕೊಡಲಿ. ಈ ಕೆಲಸ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ತಮಗೆ ಗೊತ್ತಿರುವುದನ್ನು ಅವರು ಕನ್ನಡದಲ್ಲಿ ಬರೆಯಲಿ. ರೈತನ ಮಗಳಿಗೆ ವೋಲ್ಟೇಜ್ ಹೊಸ ಪದವಲ್ಲ, ಅವಳಿಗೆ ಅರ್ಥವಾಗುವಂತೆ ಬರೆಯಲಿ.

ನನ್ನ ಮೇಜಿನ ಮೇಲೆ ಒಂದು ನೋಟ್‌ಪುಸ್ತಕ ಇದೆ. ಮೂರು ಕಾಲಂ: ಏನು ಬದಲಿಸಿದೆ, ಎಷ್ಟು ಕಾದಿತು, ಬೆಳಗಾಯಿತೇ. ಕಳೆದ ಭಾನುವಾರ, ಮಗ್ಗಿ ಥರನಾ ಎಂದು ಕೇಳಿದ್ದ ಹುಡುಗಿ ಮೊದಲ ಸಲ ತಾನೇ ಒಂದು ಅಂಕಿ ಬದಲಿಸಿ, ಅದನ್ನು ನನ್ನ ಪುಸ್ತಕದಲ್ಲೇ ಬರೆದಳು. ಮೂರನೆಯ ಕಾಲಂ ಖಾಲಿ ಬಿಟ್ಟು, "ನಾಳೆ ಸ್ಕೂಲಿಗೆ ಹೋಗೋವಾಗ ಬಂದು ನೋಡ್ತೀನಿ, ಅಲ್ಲೀತನಕ ನೀವೂ ಏನೂ ಬರೀಬ್ಯಾಡಿ" ಎಂದು ಹೇಳಿ ಹೋದಳು. ನಾನು ಬರೆಯಲಿಲ್ಲ.