ಕಾಮಿಕ್ಸ್ ಮೇಳದಲ್ಲಿ ಹೊಸ ಕಥೆಗೆ ಜಾಗವೆಲ್ಲಿ?

2025ರ ಜನವರಿಯಲ್ಲಿ ಅಮೆರಿಕದ ಡೈಮಂಡ್ ಕಾಮಿಕ್ ಡಿಸ್ಟ್ರಿಬ್ಯೂಟರ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು ಕಾಲು ಶತಮಾನ ಆ ದೇಶದ ಕಾಮಿಕ್ಸ್ ಅಂಗಡಿಗಳಿಗೆ ಪುಸ್ತಕ ತಲುಪಿಸುವ ಕೆಲಸ ಬಹುತೇಕ ಇದೊಂದೇ ಕಂಪನಿಯ ಹಿಡಿತದಲ್ಲಿತ್ತು. ಮಾರ್ವೆಲ್, ಡಿಸಿಯಂಥ ದೊಡ್ಡವರು ಅಷ್ಟರಲ್ಲಾಗಲೇ ಬೇರೆ ದಾರಿ ಹಿಡಿದಿದ್ದರು. ಸಿಕ್ಕಿಬಿದ್ದವರು ಸಣ್ಣವರು. ಕಂಪನಿಯ ಗೋದಾಮಿನಲ್ಲಿ ನೂರಕ್ಕೂ ಹೆಚ್ಚು ಪ್ರಕಾಶಕರ ಪ್ರತಿಗಳಿದ್ದವು. ಅವು ಕಂಪನಿ ದುಡ್ಡು ಕೊಟ್ಟು ಕೊಂಡವಲ್ಲ, ಮಾರಾಟವಾದ ಮೇಲೆ ಹಣ ಕೊಡುವ ಕರಾರಿನ ಮೇಲೆ ಇರಿಸಿಕೊಂಡವು. ಅದೇ ವರ್ಷದ ಮಧ್ಯದಲ್ಲಿ, ಆ ಪ್ರತಿಗಳನ್ನೂ ಮಾರಿ ಸಾಲ ತೀರಿಸಲು ಅನುಮತಿ ಕೊಡಿ ಎಂದು ಕಂಪನಿ ನ್ಯಾಯಾಲಯವನ್ನು ಕೇಳಿತು. ತಮ್ಮದೇ ಪುಸ್ತಕ ತಮಗೆ ಉಳಿಯಲಿ ಎಂದು ಪ್ರಕಾಶಕರು ತಕರಾರು ಸಲ್ಲಿಸಬೇಕಾಯಿತು.

ತಾವೇ ಕಥೆ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸುವ ಸ್ವತಂತ್ರ ಕಾಮಿಕ್ಸ್ ಕಲಾವಿದರಿಗೆ ಇಂಥ ಹೊಡೆತ ಹೊಸದಲ್ಲ. ಹಂಚಿಕೆಯ ವ್ಯವಸ್ಥೆ ಕೈಕೊಟ್ಟಾಗಲೆಲ್ಲ ಅವರು ಹೋಗಿ ಕೂರುವುದು ಒಂದೇ ಕಡೆ, ಕಾಮಿಕ್ಸ್ ಸಮಾವೇಶದಲ್ಲಿ ಬಾಡಿಗೆಗೆ ಸಿಗುವ ಮೇಜಿನ ಹಿಂದೆ. ಆ ಮೇಜಿನ ಲೆಕ್ಕಾಚಾರವೇ ಈಗ ಹೊಸ ಕಥೆಗಳ ವಿರುದ್ಧ ತಿರುಗಿದೆ ಎಂಬುದು ನನ್ನ ಆತಂಕ. ಕಾಮಿಕ್ಸ್ ಹೆಸರಿನ ಮೇಳಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿವೆ. ಕಾಮಿಕ್ಸ್ ಮಾಡುವವರು ಮಾತ್ರ ಕೈಯಿಂದ ದುಡ್ಡು ಹಾಕಿ ಅಲ್ಲಿ ಕೂರುತ್ತಿದ್ದಾರೆ.

ಒಂದು ಕಾಲಕ್ಕೆ ಹೊಸಬರು ಒಳಬರಲು ಈ ಮೇಜೇ ಸಾಕಿತ್ತು. 1984ರ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಎಂಬ ಊರಿನ ಹೋಟೆಲಿನಲ್ಲಿ ನಡೆದ ಸಣ್ಣ ಸಮಾವೇಶವೊಂದಕ್ಕೆ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬಿಬ್ಬರು ತಮ್ಮ ಕಪ್ಪು–ಬಿಳುಪು ಪುಸ್ತಕ ಹೊತ್ತು ಬಂದರು. ತೆರಿಗೆ ಇಲಾಖೆಯಿಂದ ವಾಪಸ್ ಬಂದ ಹಣಕ್ಕೆ ಸಂಬಂಧಿಕರ ಸಾಲ ಸೇರಿಸಿ ಅಚ್ಚು ಹಾಕಿಸಿದ್ದು 3,000 ಪ್ರತಿ. ಅದೇ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’. ನಮ್ಮಲ್ಲೂ ಟಿ.ವಿ. ನೋಡಿ ಬೆಳೆದ ಒಂದು ತಲೆಮಾರಿಗೆ ಆ ಆಮೆಗಳು ಗೊತ್ತು. ಸ್ಯಾನ್ ಡಿಯಾಗೊದ ಕಾಮಿಕ್‌ ಕಾನ್ ಕೂಡ 1970ರಲ್ಲಿ ಮುನ್ನೂರರಷ್ಟು ಜನ ಸೇರಿದ ಅಭಿಮಾನಿಗಳ ಕೂಟವಾಗಿ ಶುರುವಾದದ್ದು. ಈಗ ಅಲ್ಲಿಗೆ ಬರುವವರು 1.30 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳ ಮಂದಿ ಬರುವುದು ಸಿನಿಮಾ, ಧಾರಾವಾಹಿಗಳ ತಾರೆಯರನ್ನು ನೋಡಲು.

ಹಂಚಿಕೆ ಹೇಗೆ ಕೆಟ್ಟಿತು ಎಂಬುದನ್ನು ನೋಡದೆ ಮೇಜಿನ ಮಹತ್ವ ತಿಳಿಯದು. ಅಮೆರಿಕದ ಕಾಮಿಕ್ಸ್ ಅಂಗಡಿಯವರು ಕ್ಯಾಟಲಾಗ್ ನೋಡಿ ಎರಡು ಮೂರು ತಿಂಗಳು ಮೊದಲೇ ಪ್ರತಿಗಳನ್ನು ಕಾಯ್ದಿರಿಸುತ್ತಾರೆ. ಉಳಿದದ್ದನ್ನು ವಾಪಸ್ ಕೊಡುವಂತಿಲ್ಲ. ಹಾಗಾಗಿ ಹೆಸರು ಗೊತ್ತಿಲ್ಲದವರ ಪುಸ್ತಕಕ್ಕೆ ಅಂಗಡಿಯವರು ಕೈಹಾಕುವುದೇ ಕಡಿಮೆ. 1995ರಲ್ಲಿ ಮಾರ್ವೆಲ್ ಸ್ವಂತ ಹಂಚಿಕೆ ಕಂಪನಿಯ ಮೂಲಕವೇ ಪುಸ್ತಕ ಕೊಡಲು ಹೊರಟಿತು. ಡಿಸಿ ಡೈಮಂಡ್ ಜತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಡೈಮಂಡ್ ತನ್ನ ಮುಖ್ಯ ಪ್ರತಿಸ್ಪರ್ಧಿ ಕ್ಯಾಪಿಟಲ್ ಸಿಟಿಯನ್ನೂ ಕೊಂಡುಕೊಂಡಿತು. ಸಣ್ಣವರಿಗೆ ಬೇರೆ ಬಾಗಿಲು ಉಳಿಯಲಿಲ್ಲ. 2009ರಲ್ಲಿ ಆ ಬಾಗಿಲೂ ಕಿರಿದಾಯಿತು. ಒಂದು ಪುಸ್ತಕಕ್ಕೆ ಸಗಟು ದರದಲ್ಲಿ ಕನಿಷ್ಠ 2,500 ಡಾಲರ್ ಬೇಡಿಕೆ ಬಾರದಿದ್ದರೆ ಅದನ್ನು ಕ್ಯಾಟಲಾಗ್‌ಗೆ ಸೇರಿಸುವುದಿಲ್ಲ ಎಂಬ ನಿಯಮ ಬಂತು. ಮೊದಲು ಇದು 1,500 ಡಾಲರ್ ಇತ್ತು. ಕಲಾವಿದರು ಸಮಾವೇಶಗಳ ಕಡೆಗೆ, ಅದೇ ವರ್ಷ ಶುರುವಾದ ಕಿಕ್‌ಸ್ಟಾರ್ಟರ್‌ನಂಥ ಚಂದಾ ಸಂಗ್ರಹದ ಕಡೆಗೆ ಹೊರಳಿದ್ದಕ್ಕೆ ಇಂಥ ಕಾರಣಗಳಿವೆ.

ಮೇಜಿನ ಲೆಕ್ಕ ಹೀಗೆ. ಪುಸ್ತಕದ ಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ವಿತರಕ ಮತ್ತು ಅಂಗಡಿಯ ಪಾಲಾಗಿ ಶೇ 60ರಷ್ಟು ಹೋದರೆ ಕಲಾವಿದರ ಕೈಗೆ ಬರುವುದು 80. ಕಡಿಮೆ ಪ್ರತಿ ಹಾಕಿಸಿದಾಗ ಮುದ್ರಣಕ್ಕೇ 70 ತಗುಲಿದರೆ ಉಳಿಯುವುದು ಹತ್ತು ರೂಪಾಯಿ. ಮೇಳದಲ್ಲಿ ಕೈಯಾರೆ ಮಾರಿದರೆ 130 ಉಳಿಯುತ್ತದೆ. ಅದಕ್ಕೇ ಮೇಜಿನ ಆಕರ್ಷಣೆ. ಎರಡು ದಿನದ ಬಾಡಿಗೆ 15,000 ಎಂದಾದರೆ, ಅದನ್ನು ದುಡಿಯಲೇ 116 ಪ್ರತಿ ಹೋಗಬೇಕು. ದಿನಕ್ಕೆ ಎಂಟು ಗಂಟೆ ಹಿಡಿದರೂ ಗಂಟೆಗೆ ಏಳು ಪ್ರತಿಗಿಂತ ಹೆಚ್ಚು. ರೈಲು, ಲಾಡ್ಜ್, ಊಟ, ಪುಸ್ತಕದ ಪಾರ್ಸೆಲ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆ ಪುಟಗಳನ್ನು ಬಿಡಿಸಿದ ತಿಂಗಳುಗಳ ಕೂಲಿಯಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಗಂಟೆಗೆ ಏಳು ಪ್ರತಿ ಮಾರುವುದೆಂದರೆ ಏನು ಎಂಬುದನ್ನು ಯಾವುದಾದರೂ ಕಾಮಿಕ್ಸ್ ಮೇಳದ ಕಲಾವಿದರ ಸಾಲಿನಲ್ಲಿ ಹತ್ತು ನಿಮಿಷ ನಿಂತು ನೋಡಬೇಕು. ಮೇಜಿನ ಮೇಲೊಂದು ಬಟ್ಟೆ, ಅದರ ಮೇಲೆ ಹೊಸ ಪುಸ್ತಕದ ಕಟ್ಟು, ಪಕ್ಕದಲ್ಲಿ ಯುಪಿಐ ಕ್ಯುಆರ್ ಕೋಡ್ ಅಂಟಿಸಿದ ರಟ್ಟು. ತಿರುವಿ ನೋಡಲೆಂದು ಇಟ್ಟ ಪ್ರತಿಯ ಮೂಲೆ ಮಧ್ಯಾಹ್ನದ ಹೊತ್ತಿಗೆ ಮಡಿಚಿ ಮೆತ್ತಗಾಗಿರುತ್ತದೆ. ಬಂದವರು ಪುಟ ತಿರುವುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಕೆಳಗಿಡುತ್ತಾರೆ. ಕಲಾವಿದೆ ಎದ್ದು ನಿಂತು ಇಡೀ ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಬೇಕು, ಹಿಂದಿನವರಿಗೆ ಹೇಳಿದ ಅದೇ ಉತ್ಸಾಹದಲ್ಲಿ. ಕೊಂಡವರು ಒಳಪುಟದಲ್ಲಿ ಚಿತ್ರ ಬಿಡಿಸಿಕೊಡಿ ಎನ್ನುತ್ತಾರೆ. ತಲೆ ಬಗ್ಗಿಸಿ ಅದನ್ನು ಬಿಡಿಸುವಷ್ಟರಲ್ಲಿ ಮುಂದೆ ಬಂದು ನಿಂತಿದ್ದ ಮೂವರು ಆಚೆ ಹೋಗಿರುತ್ತಾರೆ. ಊಟಕ್ಕೆ ಏಳಬೇಕಾದರೆ ಪಕ್ಕದ ಮೇಜಿನವರು ಒಂದು ಕಣ್ಣಿಟ್ಟಿರಬೇಕು.

ಅದೇ ಮೇಜಿನ ತುದಿಯಲ್ಲಿ ಬ್ಯಾಟ್‌ಮನ್, ಸ್ಪೈಡರ್‌ಮನ್, ಯಾವುದೋ ಜನಪ್ರಿಯ ಅನಿಮೆ ಪಾತ್ರದ ಚಿತ್ರಗಳನ್ನು ಪೋಸ್ಟರ್‌ ಆಗಿಯೋ ಸ್ಟಿಕ್ಕರ್ ಆಗಿಯೋ ಇಟ್ಟು ನೋಡಿ. ಯಾರಿಗೂ ಏನೂ ವಿವರಿಸಬೇಕಿಲ್ಲ. ಬರುವವರು ತಾವಾಗಿಯೇ ಬೆರಳು ತೋರಿಸಿ ಕೊಳ್ಳುತ್ತಾರೆ. ಬಾಡಿಗೆ ಹುಟ್ಟುವುದು ಅದರಿಂದಲೇ. ಹೀಗೆ, ತಮ್ಮ ಕಥೆ ಹೇಳಲು ಬಂದವರು ಬೇರೆಯವರ ಪಾತ್ರ ಮಾರಿ ಮೇಜು ಉಳಿಸಿಕೊಳ್ಳುತ್ತಾರೆ. ಮುಂದಿನ ಮೇಳಕ್ಕೆ ಪೋಸ್ಟರ್ ಹೆಚ್ಚು ತರುತ್ತಾರೆ, ಪುಸ್ತಕ ಕಡಿಮೆ. ಬಾಡಿಗೆ ಏರಿದಷ್ಟೂ ಈ ಒತ್ತಡ ಏರುತ್ತದೆ. ಇದರಲ್ಲಿ ಕಲಾವಿದರ ದುರಾಸೆಯಿಲ್ಲ, ಕೊಳ್ಳುವವರ ಅಭಿರುಚಿಯನ್ನು ಹಳಿಯಬೇಕಾದ ಅಗತ್ಯವೂ ಇಲ್ಲ. ಮೇಳದ ಹಣಕಾಸಿನ ವ್ಯವಸ್ಥೆಯೇ ಅವರನ್ನು ಅಲ್ಲಿಗೆ ತಳ್ಳುತ್ತದೆ.

ಪ್ರತಿಭೆಯಿದ್ದರೆ ಗೆದ್ದೇ ಗೆಲ್ಲುತ್ತಾರೆ ಎನ್ನುವವರು ಜೆಫ್ ಸ್ಮಿತ್ ಅವರ ಉದಾಹರಣೆ ಕೊಡುತ್ತಾರೆ. ಅವರು 1991ರಲ್ಲಿ ಓಹಾಯೊದ ಕೊಲಂಬಸ್‌ನಲ್ಲಿ ಸ್ವಂತ ಪ್ರಕಾಶನ ತೆರೆದು ‘ಬೋನ್’ ಶುರು ಮಾಡಿದರು. 2004ರವರೆಗೆ 55 ಸಂಚಿಕೆ ಬಂದವು. 2005ರಿಂದ ಸ್ಕಾಲಸ್ಟಿಕ್ ಸಂಸ್ಥೆ ಅದನ್ನೇ ಬಣ್ಣದಲ್ಲಿ ತಂದು ಶಾಲಾ ಮಕ್ಕಳ ಕೈಗಿತ್ತಿತು. ಆದರೆ ಈ ಗೆಲುವಿನ ಒಳಗನ್ನು ನೋಡಬೇಕು. ಸ್ಮಿತ್ ಅವರ ಪತ್ನಿ ವಿಜಯಾ ಅಯ್ಯರ್ ತಮ್ಮ ಉದ್ಯೋಗ ಬಿಟ್ಟು ಬಂದು ಪ್ರಕಾಶನದ ಇಡೀ ವ್ಯವಹಾರ ವಹಿಸಿಕೊಂಡರು. ಅವರಿಗೂ ಮೊದಲು, 1978ರಲ್ಲಿ ‘ಎಲ್ಫ್‌ಕ್ವೆಸ್ಟ್’ ಆರಂಭಿಸಿದ ವೆಂಡಿ ಮತ್ತು ರಿಚರ್ಡ್ ಪಿನಿ ದಂಪತಿಯಲ್ಲಿ ವೆಂಡಿ ಚಿತ್ರ ಬಿಡಿಸಿದರೆ ರಿಚರ್ಡ್ ಪ್ರಕಾಶನ ನೋಡಿಕೊಂಡರು. ಒಬ್ಬರು ಬಿಡಿಸುವಾಗ ಇನ್ನೊಬ್ಬರು ಲೆಕ್ಕ ಬರೆಯುವ, ಅಂಗಡಿಯವರ ಜತೆ ಮಾತಾಡುವ ವ್ಯವಸ್ಥೆ ಇವರಿಗೆಲ್ಲ ಇತ್ತು. ಒಂಟಿಯಾಗಿ ಬರುವವರು ಎರಡನ್ನೂ ಮಾಡಬೇಕು. ಮಾರುವುದಕ್ಕೆ ಹೋದ ದಿನ ಪುಟ ಮುಗಿಯುವುದಿಲ್ಲ.

ಇನ್ನೊಂದು ಅಂಶವೂ ಇದೆ, ನನಗೆ ಇದೇ ಮುಖ್ಯ. ‘ಬೋನ್’ ಇನ್ನೂ ಯಾರಿಗೂ ಗೊತ್ತಿಲ್ಲದಾಗ ಕೆನಡಾದ ಡೇವ್ ಸಿಮ್ ತಮ್ಮ ‘ಸೆರೆಬಸ್’ ಪತ್ರಿಕೆಯ ಪುಟಗಳಲ್ಲಿ ಅದರ ತುಣುಕು ಅಚ್ಚು ಮಾಡಿ ತಮ್ಮ ಓದುಗರಿಗೆ ತೋರಿಸಿದರು. 1977ರಿಂದ 2004ರವರೆಗೆ 300 ಸಂಚಿಕೆ ತಂದ ಸಿಮ್, 1995ರಲ್ಲಿ ಸ್ವಂತ ಪ್ರಕಾಶನದ ಕಲಾವಿದರನ್ನು ಜತೆಗೂಡಿಸಿಕೊಂಡು ಊರೂರಿನಲ್ಲಿ ಸಣ್ಣ ಸಮಾವೇಶಗಳ ಸರಣಿಯನ್ನೇ ನಡೆಸಿದರು. 1997ರಲ್ಲಿ ಸ್ಮಿತ್ ಕೂಡ ಚಾರ್ಲ್ಸ್ ವೆಸ್ ಮತ್ತು ಲಿಂಡಾ ಮೆಡ್ಲೆ ಜತೆ ಒಂದೇ ಮಳಿಗೆ ಹಂಚಿಕೊಂಡು ಸಮಾವೇಶಗಳನ್ನು ಸುತ್ತಿದರು. ಓದುಗರನ್ನು ಗಳಿಸಿಕೊಂಡವರು ಆ ಓದುಗರನ್ನು ಹೊಸಬರಿಗೆ ಪರಿಚಯಿಸಿದರು. ಈ ಪರಿಚಯದ ಕೆಲಸವನ್ನು ಗೆಳೆತನದ ಹೊಣೆಗೆ ಬಿಟ್ಟು ಸುಮ್ಮನಾಗುವುದು ಸರಿಯಲ್ಲ. ಟಿಕೆಟ್ ಹಣವನ್ನೂ ಮಳಿಗೆ ಬಾಡಿಗೆಯನ್ನೂ ಪಡೆಯುವ ಮೇಳವೇ ಅದನ್ನು ತನ್ನ ಕರ್ತವ್ಯ ಎಂದುಕೊಳ್ಳಬೇಕು.

ಇದು ಆಗದ ಮಾತಲ್ಲ. ಟೋಕಿಯೊದ ಕಾಮಿಕೆಟ್ ಜಗತ್ತಿಗೇ ಗೊತ್ತು. 1975ರ ಡಿಸೆಂಬರ್‌ನಲ್ಲಿ 32 ಗುಂಪುಗಳು ಸೇರಿ ಶುರು ಮಾಡಿದ ಅದು, 2019ರಲ್ಲಿ ಒಂದೇ ಮೇಳಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಕಂಡಿತು. ಅಲ್ಲಿ ಮಾರಾಟವಾಗುವುದರಲ್ಲಿ ಹೆಚ್ಚಿನದು ಪ್ರಸಿದ್ಧ ಪಾತ್ರಗಳನ್ನೇ ಇಟ್ಟುಕೊಂಡು ಅಭಿಮಾನಿಗಳು ಹೊಸೆದ ಕಥೆಗಳು. ಆದರೆ ಅದೇ ನಗರದಲ್ಲಿ 1984ರಿಂದ ಕಾಮಿಟಿಯಾ ಎಂಬ ಇನ್ನೊಂದು ಮೇಳ ನಡೆಯುತ್ತಿದೆ. ಅಲ್ಲಿ ಸ್ವಂತ ಕಥೆಗಳಿಗೆ ಮಾತ್ರ ಪ್ರವೇಶ. ಮೇಜು ಪಡೆದವರೆಲ್ಲ ತಮ್ಮ ಹೊಸ ಪುಸ್ತಕದ ಒಂದು ಪ್ರತಿಯನ್ನು ಸಂಘಟಕರಿಗೆ ಕೊಡುತ್ತಾರೆ. ಅವನ್ನೆಲ್ಲ ಒಂದು ಮೂಲೆಯಲ್ಲಿ ಜೋಡಿಸಿಡುತ್ತಾರೆ. ಯಾರು ಬೇಕಾದರೂ ಅಲ್ಲಿ ನಿಂತು, ಕಲಾವಿದರ ಕಣ್ಣೆದುರಿನ ಮುಜುಗರವಿಲ್ಲದೆ, ಓದಿ ನೋಡಬಹುದು. ಹಿಡಿಸಿದರೆ ಹುಡುಕಿಕೊಂಡು ಆ ಮೇಜಿಗೆ ಹೋಗಬಹುದು. ದೊಡ್ಡ ಖರ್ಚಿಲ್ಲದ ಈ ಏರ್ಪಾಡು, ಕೂಗಿ ಕರೆಯುವ ಧೈರ್ಯವಿಲ್ಲದ ಕಲಾವಿದರಿಗೂ ಓದುಗರನ್ನು ಕೊಡುತ್ತದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1994ರಿಂದ ನಡೆಯುತ್ತಿರುವ ಸ್ಮಾಲ್ ಪ್ರೆಸ್ ಎಕ್ಸ್‌ಪೋ ಲಾಭಕ್ಕಾಗಿ ನಡೆಯುವುದಲ್ಲ. ಅಲ್ಲಿನ ಇಗ್ನಾಟ್ಜ್ ಪ್ರಶಸ್ತಿಗೆ ಮತ ಹಾಕುವವರು ಮೇಳಕ್ಕೆ ಬಂದ ಓದುಗರು, ಗೆದ್ದವರಿಗೆ ಕೊಡುವುದು ಒಂದು ಇಟ್ಟಿಗೆ. ಟೊರಾಂಟೊದ ಕಾಮಿಕ್ಸ್ ಉತ್ಸವ 2009ರಿಂದ ಹಲವು ವರ್ಷ ನಡೆದದ್ದು ಆ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ, ಪ್ರವೇಶ ಶುಲ್ಕವಿಲ್ಲದೆ.

ಮೇಳ ಒಂದೇ ಎಲ್ಲವನ್ನೂ ಸರಿಮಾಡದು ಎಂಬುದೂ ನಿಜ. ಕಾಮಿಕ್ಸ್‌ಗೆ ಸಾಹಿತ್ಯದ ಗೌರವ ಕೊಟ್ಟ ಫ್ರಾನ್ಸಿನಲ್ಲೇ 2016ರ ಸಮೀಕ್ಷೆಯಲ್ಲಿ ಉತ್ತರಿಸಿದ ಕಲಾವಿದರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ವಾರ್ಷಿಕ ಆದಾಯ ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ ಇತ್ತು. ಹಾಗೆಂದು ಮೇಳಗಳು ಮಾಡಬಹುದಾದ್ದನ್ನು ಬಿಡಬೇಕಿಲ್ಲ.

ನಮ್ಮ ದೇಶದಲ್ಲಿ ಕಾಮಿಕ್ ಕಾನ್ 2011ರಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಶುರುವಾಯಿತು. ಮರುವರ್ಷ ಬೆಂಗಳೂರಿಗೂ ಬಂತು. 2024ರಲ್ಲಿ ಅದು ಗೇಮಿಂಗ್ ಕಂಪನಿ ನಾಡ್‌ವಿನ್ ತೆಕ್ಕೆಗೆ ಹೋಯಿತು. ವೇಷ ಹಾಕಿಕೊಂಡು ಬರುವ ಹುಡುಗ ಹುಡುಗಿಯರ ಸಂಭ್ರಮದ ಬಗ್ಗೆ ನನಗೆ ಅಸಮಾಧಾನವಿಲ್ಲ. ಆ ಸಂಭ್ರಮ ಇಲ್ಲದಿದ್ದರೆ ಟಿಕೆಟ್ ಕೊಂಡು ಅಷ್ಟು ದೂರ ಯಾರೂ ಹೋಗುವುದಿಲ್ಲ. ನನ್ನ ಕೇಳಿಕೆ ಇಷ್ಟೇ: ಅಷ್ಟು ಜನ ಸೇರುವ ಜಾಗದಲ್ಲಿ ಸ್ವಂತ ಕಥೆಯ ಪುಸ್ತಕ ತಂದವರಿಗೆ ಬಾಡಿಗೆಯಲ್ಲಿ ದೊಡ್ಡ ರಿಯಾಯಿತಿ ಇರಲಿ. ಆ ಪುಸ್ತಕಗಳನ್ನು ನಿಂತು ಓದಲು ಒಂದು ಮೂಲೆ ಇರಲಿ.

ಬೆಂಗಳೂರಿಗೆ ಇದು ಕಷ್ಟವಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮಾತೇ ಇಲ್ಲದ ಚಿತ್ರಗಳಲ್ಲಿ ಹೇಳಿದ ‘ಹಷ್’ 2010ರಲ್ಲಿ ಬಂದದ್ದು ಇಲ್ಲಿನದೇ ಆದ ಮಂಟಾ ರೇ ಎಂಬ ಪುಟ್ಟ ಸಂಸ್ಥೆಯಿಂದ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ದಲ್ಲಾಳಿಗಳಿಲ್ಲದೆ ಕೊಳ್ಳುವವರ ಎದುರು ಕೂರುವುದನ್ನು ಎರಡು ದಶಕದಿಂದ ನೋಡುತ್ತಿದ್ದೇವೆ. ಆ ರಸ್ತೆಯ ಒಂದು ಬದಿಯನ್ನು ಕಾಮಿಕ್ಸ್ ಮಾಡುವವರಿಗೆ ಮೀಸಲಿಡಬಹುದು. ಸ್ವಂತ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರ ನಾಡು ಇದು. ಅವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಸರಿಯೇ. ಆದರೆ ಬರೆದವರೇ ಹೊತ್ತು ತಿರುಗಬೇಕು ಎಂಬುದು ಆದರ್ಶವಾಗಿ ಉಳಿಯಬಾರದು.

ಕನ್ನಡ ಕಾಮಿಕ್ಸ್‌ನ ಸ್ಥಿತಿ ಇನ್ನೂ ಹಿಂದಿದೆ. ಮಕ್ಕಳ ಪತ್ರಿಕೆ ಬಾಲಮಂಗಳದ ಚಿತ್ರಕಥೆಯ ನಾಯಕ ಡಿಂಗನಿಗಾಗಿ ಕಾದು ಕುಳಿತ ಮಕ್ಕಳು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮಕ್ಕಳ ಕೈಗೆ ಕೊಡಲು ಕನ್ನಡದಲ್ಲೇ ಹುಟ್ಟಿದ ಹೊಸ ಕಾಮಿಕ್ಸ್ ಎಷ್ಟಿವೆ ಎಂದು ಯಾವುದಾದರೂ ಪುಸ್ತಕದಂಗಡಿಯಲ್ಲಿ ಕೇಳಿ ನೋಡಿ. ಬಿಡಿಸಬಲ್ಲವರು ಇದ್ದಾರೆ. ಅವರು ಇಂಗ್ಲಿಷಿಗೋ ಜಾಹೀರಾತಿಗೋ ಹೋಗುತ್ತಾರೆ, ಹೊಟ್ಟೆಪಾಡು ಅಲ್ಲಿದೆ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಿಗೆ ಮುಗಿಬೀಳುವ ಜನರ ಎದುರು ಕನ್ನಡ ಕಾಮಿಕ್ಸ್‌ಗೆಂದು ಒಂದು ಸಾಲು, ಬಾಡಿಗೆಯಿಲ್ಲದೆ, ಕನ್ನಡ ಸಾಹಿತ್ಯ ಪರಿಷತ್ತು ಕೊಡಬಹುದು. ಅದಕ್ಕಿಂತ ಹೆಚ್ಚಿನ ಬದಲಾವಣೆ ತರಬಲ್ಲದ್ದು ಸಾರ್ವಜನಿಕ ಗ್ರಂಥಾಲಯ ಇಲಾಖೆ. ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ 300 ಪ್ರತಿ ಕೊಂಡರೆ ಕನ್ನಡದ ಸಣ್ಣ ಪ್ರಕಾಶಕರ ಮುದ್ರಣ ವೆಚ್ಚ ಹುಟ್ಟುತ್ತದೆ ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ದರ ನಿಗದಿಯಾಗುವುದು ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ. ಕಾದಂಬರಿಯ ಒಂದು ಪುಟಕ್ಕೂ, ಒಬ್ಬರು ಎರಡು ಮೂರು ದಿನ ಕೂತು ಬಿಡಿಸಿ ಶಾಯಿ ತುಂಬಿದ ಒಂದು ಪುಟಕ್ಕೂ ಒಂದೇ ಅಳತೆ ಹಿಡಿದರೆ 48 ಪುಟದ ಕಾಮಿಕ್ಸ್ ಪುಸ್ತಕವನ್ನು ಕನ್ನಡದಲ್ಲಿ ತರುವ ಧೈರ್ಯ ಯಾರಿಗೂ ಬಾರದು. ಮುಂದಿನ ಬಾರಿ ದರ ಪರಿಷ್ಕರಿಸುವಾಗ ಚಿತ್ರಕಥೆಗಳಿಗೆ ಪ್ರತ್ಯೇಕ ದರ ನಿಗದಿ ಮಾಡಿ, ಆಯ್ಕೆ ಸಮಿತಿಯಲ್ಲಿ ಚಿತ್ರ ಓದಬಲ್ಲ ಒಬ್ಬರನ್ನಾದರೂ ಕೂರಿಸಬೇಕು.